ಮನೆಯ ಸಿಮ್ಯುಲೇಟರ್‌ನಿಂದ ಪೈಲಟ್ ತರಬೇತಿಯ ಖರ್ಚು ಉಳಿಯುತ್ತದೆಯೇ?

ಪ್ರಶ್ನೆ: ಮಗ ದ್ವಿತೀಯ ಪಿಯು ವಿಜ್ಞಾನ ಓದುತ್ತಿದ್ದಾನೆ. ಪೈಲಟ್ ಆಗಲೇಬೇಕೆಂಬ ಹಟ. ಮನೆಯಲ್ಲೇ ಸಿಮ್ಯುಲೇಟರ್ (ವಿಮಾನ ಹಾರಿಸಿದ ಅನುಭವ ಕೊಡುವ ಕಂಪ್ಯೂಟರ್ ವ್ಯವಸ್ಥೆ) ಹಾಕಿಸಿಕೊಟ್ಟರೆ ಮುಂದೆ ತರಬೇತಿಯ ಗಂಟೆಗಳು ಕಡಿಮೆಯಾಗುತ್ತವೆ ಅನ್ನುತ್ತಾನೆ. ಎಲ್ಲ ಸೇರಿ ಒಂದೂವರೆ ಲಕ್ಷ ಬೇಕಂತೆ. ಕೊಡಿಸಲೇ?
– ಒಬ್ಬ ತಂದೆ, ವಿದ್ಯಾನಗರ, ದಾವಣಗೆರೆ

ಉತ್ತರ: ಗಂಟೆ ಕಡಿಮೆಯಾಗುವುದಿಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೇಳುವುದು 200 ಗಂಟೆಯ ಹಾರಾಟ. ಅದರಲ್ಲಿ ಉಪಕರಣಗಳನ್ನಷ್ಟೇ ನೋಡಿ ಹಾರಿಸುವ 10 ಗಂಟೆಯ ಪೈಕಿ ಹೆಚ್ಚೆಂದರೆ 5 ಗಂಟೆ ಸಿಮ್ಯುಲೇಟರ್‌ನಲ್ಲಿ ಆಗಬಹುದು, ಅದೂ ಡಿಜಿಸಿಎ ಒಪ್ಪಿದ ಯಂತ್ರದಲ್ಲಿ. ಮನೆಯ ಕಂಪ್ಯೂಟರಿನ ಒಂದು ನಿಮಿಷವೂ ಹಾರಾಟದ ಗಂಟೆ ಬರೆದಿಡುವ ಲಾಗ್‌ಬುಕ್ ಸೇರದು.

ಹಾಗಂತ ಅದು ದಂಡವೂ ಅಲ್ಲ, ಒಂದೂವರೆ ಲಕ್ಷ ಮಾತ್ರ ಬೇಡ. ಮನೆಯಲ್ಲಿರುವ ಕಂಪ್ಯೂಟರ್ ತಕ್ಕಮಟ್ಟಿಗಿದ್ದರೆ ಸಾಕು. ಫ್ಲೈಟ್‌ಗೇರ್ ಎಂಬ ತಂತ್ರಾಂಶ ಉಚಿತ. ಸಾಧಾರಣ ಜಾಯ್‌ಸ್ಟಿಕ್ ಒಂದನ್ನು ಕೊಡಿಸಿ. ಜಂಬೊ ವಿಮಾನ ಬಿಟ್ಟು ಪುಟ್ಟ ವಿಮಾನ ಸೆಸ್ನಾ 172 ಹಾರಿಸಲಿ. ಎಷ್ಟೋ ತರಬೇತಿ ಶಾಲೆಗಳಲ್ಲಿ ಮೊದಲು ಕೈಗೆ ಸಿಗುವುದು ಅದೇ.

ಒಂದು ಪಾಠ ಹೇಳುತ್ತೇನೆ. ಬೆಂಗಳೂರಿನ ಜಕ್ಕೂರಿನಿಂದ ದಾವಣಗೆರೆಗೆ ನೇರ ದೂರ ಸುಮಾರು 240 ಕಿ.ಮೀ. ವೇಗ 100 ನಾಟ್, ಅಂದರೆ ಗಂಟೆಗೆ 185 ಕಿ.ಮೀ. ಗಾಳಿಯಿಲ್ಲದಿದ್ದರೆ 78 ನಿಮಿಷ. 20 ನಾಟ್ ಎದುರುಗಾಳಿ ಕೊಟ್ಟರೆ 97 ನಿಮಿಷ. ಇಂಧನ ಸಾಲುತ್ತದೆಯೇ ಎಂದು ಹೊರಡುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಲಿ. ಆಮೇಲೆ ಜಿಪಿಎಸ್ ಆಫ್ ಮಾಡಿ, ದಿಕ್ಸೂಚಿ ಮತ್ತು ಗಡಿಯಾರ ನಂಬಿ ಹೊರಡಲಿ. ದಾರಿ ಸರಿಯಿದ್ದರೆ ಎಡಕ್ಕೆ ವಾಣಿವಿಲಾಸ ಸಾಗರದ ನೀರು, ಬಲಕ್ಕೆ ಚಿತ್ರದುರ್ಗದ ಬೆಟ್ಟಗಳು ಬರಬೇಕು. ಬರದಿದ್ದರೆ ಎಲ್ಲಿ ತಪ್ಪಿತೆಂದು ಅವನೇ ಹುಡುಕಲಿ. ನಿಜವಾದ ವಿಮಾನದಲ್ಲಿ ದಾರಿ ತಪ್ಪಿದರೆ ನಿಲ್ಲಿಸಿ ಯೋಚಿಸಲಾಗದು. ಇಲ್ಲಿ ಆಟವನ್ನು ತಡೆದು ನಿಲ್ಲಿಸುವ ಪಾಜ್ ಬಟನ್ ಇದೆ. ನನ್ನ ಮಟ್ಟಿಗೆ ಸಿಮ್ಯುಲೇಟರಿನ ದೊಡ್ಡ ಉಪಕಾರ ಆ ಬಟನ್ನೇ.

ಕೆಟ್ಟ ಅಭ್ಯಾಸವೂ ಒಂದು ಅಂಟುತ್ತದೆ. ಮಾನಿಟರ್ ಮುಂದೆ ಕಲಿತವರ ಕಣ್ಣು ಮೀಟರುಗಳಿಗೇ ನೆಟ್ಟಿರುತ್ತದೆ. ಶುರುವಿನ ಹಾರಾಟದಲ್ಲಿ ಕಣ್ಣು ಹೆಚ್ಚು ಹೊತ್ತು ಹೊರಗೆ, ದಿಗಂತದ ಮೇಲಿರಬೇಕು. ಇದನ್ನು ಬಿಡಿಸಲು ತರಬೇತುದಾರರು ಮೀಟರಿಗೆ ಕಾಗದ ಮುಚ್ಚುವುದೂ ಉಂಟು.

ಇದೆಲ್ಲಕ್ಕಿಂತ ಮೊದಲು, ಡಿಜಿಸಿಎ ಮಾನ್ಯತೆಯ ವೈದ್ಯರಲ್ಲಿ, ಪೈಲಟ್ ಆಗಬಯಸುವವರಿಗೆ ಮೊದಲು ಮಾಡುವ ಕ್ಲಾಸ್ 2 ವೈದ್ಯಕೀಯ ಪರೀಕ್ಷೆ ಮಾಡಿಸಿ. ಬಣ್ಣ ಗುರುತಿಸುವ ದೃಷ್ಟಿಯಲ್ಲಿ ದೋಷವಿದ್ದರೆ ಈಗಲೇ ಗೊತ್ತಾಗಲಿ. ಜಾಯ್‌ಸ್ಟಿಕ್ ಆಮೇಲೆ ತಂದರಾಯಿತು.