ಓದುಗರ ಪ್ರಶ್ನೆ: ಸುಗ್ಗಿ ಮುಗಿಸಿ ಗುಡಿಸಲಿಗೆ ಹೋಗುವವರು

ಪ್ರಶ್ನೆ: ಎಳ್ಳಮಾಸಿಗೆ ನಾವು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಉಂಡು ಬರುತ್ತೇವೆ. ಯಹೂದಿಗಳ ಸುಗ್ಗಿ ಹಬ್ಬದಲ್ಲಿ ಏಳು ದಿನ ಗುಡಿಸಲಲ್ಲೇ ಊಟವಂತೆ. ನಿಜಾನಾ? ಯಾಕೆ ಹಾಗೆ?
– ಓದುಗರು, ಆಳಂದ

ಉತ್ತರ: ನಿಜ. ಹಬ್ಬದ ಹೆಸರು ಸುಕ್ಕೋತ್. ಹೀಬ್ರೂ ಪಂಚಾಂಗದ ತಿಶ್ರಿ ತಿಂಗಳ 15ಕ್ಕೆ, ಅಂದರೆ ಹುಣ್ಣಿಮೆ ಹೊತ್ತಿಗೆ ಶುರು. ಅವರದೂ ಚಂದ್ರನ ತಿಂಗಳೇ, 19 ವರ್ಷಕ್ಕೆ 7 ಅಧಿಕ ಮಾಸ ಸೇರಿಸುತ್ತಾರೆ. ಹಾಗಾಗಿ 2025ರಲ್ಲಿ ಅಕ್ಟೋಬರ್ 6ರ ಸಂಜೆ, ನಮ್ಮ ಸೀಗಿ ಹುಣ್ಣಿಮೆಗೇ ಬಂತು. 2026ರಲ್ಲಿ ಸೆಪ್ಟೆಂಬರ್ 25ರ ಸಂಜೆ, ಜೋಕುಮಾರನ ಹುಣ್ಣಿಮೆ ಹೊತ್ತಿಗೆ.

ಯಾಕೆ ಅಂದರೆ, ಅವರ ಗ್ರಂಥದಲ್ಲೇ ಎರಡು ಉತ್ತರ ಇವೆ. ಒಂದು ಕಡೆ ಇದು ಬೆಳೆ ಕೂಡಿಸಿಡುವ ಹಬ್ಬ: ಕಣದ ಕಾಳು, ದ್ರಾಕ್ಷಿಯ ರಸ ಮನೆ ಸೇರಿದ ಮೇಲೆ ಆಳುಮಕ್ಕಳು, ಪರ ಊರಿನವರು, ತಬ್ಬಲಿಗಳು, ವಿಧವೆಯರು ಎಲ್ಲರನ್ನೂ ಸೇರಿಸಿಕೊಂಡು ಸಂತೋಷಪಡಿ ಅಂತ ಹೇಳಿದೆ. ಇನ್ನೊಂದು ಕಡೆ, ಯಾಜಕಕಾಂಡದಲ್ಲಿ, ಈಜಿಪ್ಟಿನಿಂದ ಹೊರಟ ಹಿರಿಯರು ಗುಡಾರಗಳಲ್ಲಿ ಬದುಕಿದ್ದರ ನೆನಪಿಗೆ ಏಳು ದಿನ ಗುಡಿಸಲಲ್ಲಿರಿ ಅಂತಿದೆ. ನನಗನಿಸುವುದು, ಹೊಲದ ಹಬ್ಬವೇ ಮೊದಲು, ವಲಸೆಯ ಕಥೆ ಆಮೇಲೆ ಸೇರಿದ್ದು. ಎಷ್ಟೋ ವಿದ್ವಾಂಸರೂ ಹೀಗೇ ಹೇಳುತ್ತಾರೆ. ಬೆಳೆ ಕಾಯೋಕೆ ಹೊಲದಲ್ಲೇ ಗುಡಿಸಲು ಹಾಕಿ ಮಲಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕೈಯಲ್ಲಿ ಹಿಡಿಯುವ ಪೂಜೆಯೂ ಉಂಟು. ಬಲಗೈಯಲ್ಲಿ ಬಿಚ್ಚದ ಖರ್ಜೂರದ ಗರಿ, ಅದರ ಜೊತೆ ಮರ್ಟಲ್ ಎಂಬ ಘಮಘಮಿಸುವ ಸೊಪ್ಪಿನ ಮೂರು ಕಡ್ಡಿ, ಹೊಳೆ ದಂಡೆಯ ವಿಲೋ ಮರದ ಎರಡು ಕಡ್ಡಿ. ಎಡಗೈಯಲ್ಲಿ ಮಾದಲ ಹಣ್ಣು. ನಾಲ್ಕು ದಿಕ್ಕಿಗೆ, ಮೇಲೆ, ಕೆಳಗೆ ಅಲ್ಲಾಡಿಸುತ್ತಾರೆ. ಈ ಹಣ್ಣಿನ ಆಯ್ಕೆ ನೋಡುವಂಥದ್ದು. ಭೂತಗನ್ನಡಿ ಹಿಡಿದು ಒಂದು ಚುಕ್ಕೆ ಕೂಡ ಬಿಡದೆ ನೋಡುತ್ತಾರೆ, ತುದಿಯ ಮೊನೆ ಮುರಿದಿದ್ದರೆ ಆ ಹಣ್ಣು ಬೇಡವೇ ಬೇಡ, ಅದಕ್ಕೇ ನಾರಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ತರುತ್ತಾರೆ.

ಪ್ರಶ್ನೆ: ಗುಡಿಸಲಿಗೆ ತಗಡಿನ ಶೀಟ್ ಹಾಕಿದರೆ ಆಗಲ್ವಾ? ಮಳೆ ಬಂದರೆ ಏನ್ ಮಾಡ್ತಾರೆ?
– ಓದುಗರು, ಶಹಾಪುರ

ಉತ್ತರ: ಗೋಡೆಗೆ ಏನಾದರೂ ನಡೆಯುತ್ತೆ, ಬಟ್ಟೆಯೂ ಸರಿ. ಮಾಡಿಗೆ ಮಾತ್ರ ನೆಲದಲ್ಲಿ ಬೆಳೆದು ಕಡಿದದ್ದೇ ಆಗಬೇಕು: ಗರಿ, ಕೊಂಬೆ, ಬಿದಿರು. ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ಆದರೂ ರಾತ್ರಿ ಸಂದಿಯಲ್ಲಿ ಚುಕ್ಕಿ ಕಂಡರೆ ಒಳ್ಳೇದು. ಮೇಲೆ ಇನ್ನೊಂದು ಬಾಲ್ಕನಿ ಇದ್ದರೂ ನಡೆಯಲ್ಲ, ಅದಕ್ಕೇ ಜೆರುಸಲೇಮಿನ ಎಷ್ಟೋ ಕಟ್ಟಡಗಳಲ್ಲಿ ಬಾಲ್ಕನಿಗಳನ್ನು ಒಂದರ ಮೇಲೊಂದು ಬಾರದಂತೆ ಕಟ್ಟಿದ್ದಾರೆ.

ಮಳೆ ಜೋರಾದರೆ ಸುಮ್ನೆ ಎದ್ದು ಮನೆಯೊಳಗೆ ಹೋಗಬಹುದು. ಅಲ್ಲಿ ಬೇಸಿಗೆಯಿಡೀ ಮಳೆ ಇಲ್ಲ, ಈ ಹಬ್ಬ ಮುಗಿಯುವಾಗಲೇ ಮಳೆಗಾಲದ ಬಾಗಿಲು. ಹಿಂದೆ ಜೆರುಸಲೇಮಿನ ದೇವಾಲಯದಲ್ಲಿ ಸಿಲೋವಾಮ್ ಕೊಳದ ನೀರು ತಂದು ಬಲಿಪೀಠಕ್ಕೆ ಸುರಿಯುತ್ತಿದ್ದರು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಕೆಡವಿದರು, ಆ ನೀರು ನಿಂತಿತು. ಎಂಟನೇ ದಿನದ ಮಳೆ ಪ್ರಾರ್ಥನೆ ಈಗಲೂ ಇದೆ. ಗುಡಿಸಲಲ್ಲಿ ಕೂತಿರುವಾಗ ಬೇಡ, ಎದ್ದ ಮೇಲೆ ಬರಲಿ ಅನ್ನೋ ಲೆಕ್ಕ!

ಪ್ರಶ್ನೆ: ನಮ್ಮ ದೇಶದಲ್ಲಿ ಈ ಹಬ್ಬ ಇದೆಯಾ?
– ಓದುಗರು, ಹುಮನಾಬಾದ್

ಉತ್ತರ: ಇದೆ. ಕೊಚ್ಚಿಯ ಯಹೂದಿಗಳು ತೆಂಗಿನ ಗರಿ ಹೊದಿಸುತ್ತಿದ್ದರು, ಈಗ ಅಲ್ಲಿ ಬೆರಳೆಣಿಕೆಯ ಜನ ಉಳಿದಿದ್ದಾರೆ, ಮಿಕ್ಕವರು ಇಸ್ರೇಲಿಗೆ ಹೋದರು. ಕೊಂಕಣ, ಮುಂಬೈ ಕಡೆಯ ಬೆನೆ ಇಸ್ರೇಲಿ ಎಂಬ ಯಹೂದಿ ಪಂಗಡದಲ್ಲಿ ಮಲೀದಾ ಎಂಬ ಪದ್ಧತಿ ಉಂಟು. ಅದು ಸುಕ್ಕೋತ್‌ದಲ್ಲ. ಎಲಿಯ ಪ್ರವಾದಿಯನ್ನು ನೆನೆದು ಹಣ್ಣಿನ ಜೊತೆ ಹಂಚುವುದು. ನಮ್ಮ ದರ್ಗಾಗಳ ಮಲೀದಾ ರೊಟ್ಟಿ ಮುರಿದು ಬೆಲ್ಲ ಕಲಸಿದ್ದು. ಅವರದಕ್ಕೆ ಅವಲಕ್ಕಿ, ಕಾಯಿತುರಿ.