ಸೂರ್ಯ ಕಾಣದ ದಿನ ಡಾಬ್ಸನ್‌ನಲ್ಲಿ ತೆಗೆದ ಓಝೋನ್ ಅಳತೆಯನ್ನು ನಂಬಬಹುದಾ?

ಮೋಡ ಮುಚ್ಚಿದ ದಿನ ಬರೀ ಆಕಾಶದ ಬೆಳಕಿನಿಂದ, ನೆಲದಿಂದಲೇ ವಾತಾವರಣದ ಓಝೋನ್ ಅಳೆಯುವ ಉಪಕರಣವಾದ ಡಾಬ್ಸನ್ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಓಝೋನ್ ಅಳೆಯುತ್ತಾರಂತೆ, ಆ ಅಂಕಿ ನಂಬಬಹುದಾ ಅಂತ ಕೇಳಿದ್ದೀರಿ. ನಂಬಬಹುದು, ಆದರೆ ಒಂದು ಷರತ್ತಿದೆ. ಈ ಉಪಕರಣದ ಮುಂದೆ ಕೂತು ಕೆಲಸ ಮಾಡಿದವನು ನಾನು, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಓಝೋನ್ ನೇರಳಾತೀತ ಬೆಳಕನ್ನು ಒಂದೇ ಸಮ ಹೀರುವುದಿಲ್ಲ. 305.5 ನ್ಯಾನೋಮೀಟರ್‌ನ ಬೆಳಕನ್ನು ಜಾಸ್ತಿ ನುಂಗುತ್ತದೆ, 325ರ ಹತ್ತಿರದ್ದನ್ನು ಬಹಳ ಕಡಿಮೆ. ಈ ಜೋಡಿಗೆ 'ಎ' ಅಂತ ಹೆಸರು. 'ಸಿ', 'ಡಿ' ಅಂತ ಇನ್ನೂ ಜೋಡಿಗಳಿವೆ. ಬೆಳಕು ಒಟ್ಟು ಎಷ್ಟು ಬಿತ್ತು ಅನ್ನುವುದು ಡಾಬ್ಸನ್‌ಗೆ ಬೇಕಿಲ್ಲ, ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ ಎಷ್ಟು ಮಂದ ಅನ್ನುವುದಷ್ಟೇ ಬೇಕು. ಮೋಡದಲ್ಲೂ ಕೆಲಸ ನಡೆಯುವುದು ಇದರಿಂದಲೇ. ಮೋಡ ಎರಡನ್ನೂ ಹೆಚ್ಚುಕಮ್ಮಿ ಒಂದೇ ಥರ ಮಂಕು ಮಾಡುತ್ತದೆ.

ಮೊದಲು ಉಪಕರಣದ ಥರ್ಮಾಮೀಟರ್ ನೋಡಿ, ಆ ಉಷ್ಣತೆಗೆ ತಕ್ಕಂತೆ, ತರಂಗಾಂತರ ಆರಿಸುವ ಕ್ಯೂ ಲಿವರ್‌ಗಳನ್ನು ಕೂರಿಸಬೇಕು. ಇದನ್ನು ಬಿಟ್ಟರೆ ಬೇರೆಯೇ ತರಂಗಾಂತರ ಒಳಗೆ ಹೋಗುತ್ತದೆ. ನೇರ ಬಿಸಿಲಿಗಾದರೆ ಮೇಲೆ ಬಿಸಿಲನ್ನು ಒಳಗೆ ತಿರುಗಿಸುವ ಸನ್ ಡೈರೆಕ್ಟರ್ ಇಡುತ್ತೇವೆ. ಆಕಾಶದ ಅಳತೆಗೆ ಅದನ್ನು ತೆಗೆದುಬಿಟ್ಟರೆ ಸಾಕು, ನೆತ್ತಿಯ ಮೇಲಿನ ಬೆಳಕು ನೆಟ್ಟಗೆ ಕಿಂಡಿಗೆ ಬೀಳುತ್ತದೆ. ಆಮೇಲೆ ದೊಡ್ಡ ಆರ್-ಡಯಲ್ ತಿರುಗಿಸುತ್ತಾ ಹೋಗಬೇಕು. ಒಳಗಿನ ವೆಡ್ಜ್ ಸರಿಯುತ್ತದೆ, ಜೋರಾಗಿರುವ ಬೆಳಕು ತಗ್ಗುತ್ತದೆ, ಎರಡೂ ಸಮವಾದಾಗ ಮೀಟರಿನ ಮುಳ್ಳು ಸೊನ್ನೆಗೆ ಬರುತ್ತದೆ. ಮೋಡ ಓಡುತ್ತಿದ್ದರೆ ಮುಳ್ಳು ಒಂದು ಕಡೆ ನಿಲ್ಲುವುದೇ ಇಲ್ಲ. ಕೈ ಪಳಗಿದವರಿಗೆ ಅದರ ನಡುಬಿಂದು ಸಿಗುತ್ತದೆ. ಡಯಲ್ ಎಷ್ಟು ತೋರಿಸಿತು, ಆಗ ಗಂಟೆ ಎಷ್ಟು, ಎರಡನ್ನೂ ಬರೆದಿಡಬೇಕು. ಸಮಯ ತಪ್ಪಿದರೆ ಸೂರ್ಯನ ಕೋನವೂ ತಪ್ಪುತ್ತದೆ.

ಈಗ ಷರತ್ತು. ನೇರ ಬಿಸಿಲು ಬಂದ ದಾರಿ ಗೊತ್ತಿರುತ್ತದೆ. 'ಎ', 'ಡಿ' ಜೋಡಿಗಳನ್ನು ಒಟ್ಟಿಗೆ ಬಳಸಿದರೆ ದೂಳಿನ ಪ್ರಭಾವವೂ ಬಹುಪಾಲು ಕಳೆದುಹೋಗುತ್ತದೆ, ಲೆಕ್ಕ ಸಲೀಸು. ಆಕಾಶದ ಬೆಳಕು ಹಾಗಲ್ಲ. ಅದು ಬೇರೆ ಬೇರೆ ಎತ್ತರದಲ್ಲಿ ಚದುರಿ ಬಂದದ್ದು. ಅದಕ್ಕೇ ಒಂದೇ ಹೊತ್ತಿನಲ್ಲಿ ಬಿಸಿಲನ್ನೂ ಆಕಾಶವನ್ನೂ ಅಳೆದು, ಅಂಥ ನೂರಾರು ಅಳತೆಗಳನ್ನು ಹೋಲಿಸಿ, ಆಕಾಶದ ಅಳತೆಯನ್ನು ಓಝೋನ್ ಅಂಕಿಗೆ ಬದಲಿಸುವ ಆ ಕೇಂದ್ರದ್ದೇ ಚಾರ್ಟ್ ಕಟ್ಟುತ್ತಾರೆ. ಮೋಡಕ್ಕೆ ಬೇರೆ ತಿದ್ದುಪಡಿ. ಆ ಚಾರ್ಟ್ ಎಷ್ಟು ಗಟ್ಟಿಯೋ ನಿಮ್ಮ ಅಂಕಿಯೂ ಅಷ್ಟೇ ಗಟ್ಟಿ. ಹಾಗಾಗಿ ಕೊಡೈಕೆನಾಲ್‌ನಂಥ ಬೆಟ್ಟದ ಮೇಲೆ, ಹಿಂಗಾರಿನ ತಿಂಗಳಲ್ಲಿ, ಐದು ನಿಮಿಷ ಬಿಸಿಲು ಬಿದ್ದರೂ ಬಿಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ದಟ್ಟ ಮಳೆಮೋಡದ ಅಳತೆಯ ಮೇಲೆ ಮಾತ್ರ ನನಗೆ ಭರವಸೆ ಕಡಿಮೆ. ಅಂಥ ಮೋಡದೊಳಗೆ ಬೆಳಕು ಸುತ್ತಾಡಿ ಬರುತ್ತದೆ, ಅಲ್ಲಿನ ಓಝೋನ್ ಅದನ್ನು ಇನ್ನಷ್ಟು ಹೀರುತ್ತದೆ, ಅಂಕಿ ಉಬ್ಬುತ್ತದೆ.

ಹಾಗಂತ ಆಕಾಶದ ಅಳತೆ ಬರೀ ಬದಲಿ ವ್ಯವಸ್ಥೆ ಅಂದುಕೊಳ್ಳಬೇಡಿ. ನೆತ್ತಿ ಶುಭ್ರವಾಗಿದ್ದಾಗ, ಸೂರ್ಯ ಇಳಿಯುತ್ತಾ ದಿಗಂತ ಮುಟ್ಟುವವರೆಗೆ 'ಸಿ' ಜೋಡಿಯ ಅಳತೆ ತೆಗೆದರೆ, ಏರುತ್ತಿದ್ದ ಆ ಎರಡು ಬೆಳಕುಗಳ ಅನುಪಾತ ಕೊನೆಗೆ ತಿರುಗಿ ಇಳಿಯುತ್ತದೆ. ವಿಜ್ಞಾನಿ ಗೋಟ್ಸ್ 1929ರಲ್ಲಿ ಆರ್ಕ್ಟಿಕ್ ದ್ವೀಪ ಸ್ಪಿಟ್ಸ್‌ಬರ್ಗನ್‌ನಲ್ಲಿ ಗಮನಿಸಿದ, ಜರ್ಮನ್ ಭಾಷೆಯಲ್ಲಿ 'ಹಿಂತಿರುಗುವಿಕೆ' ಎಂಬರ್ಥದ ಈ 'ಉಮ್‌ಕೆರ್' ಪರಿಣಾಮದಿಂದ ಓಝೋನ್ ಯಾವ ಎತ್ತರದಲ್ಲಿ ಎಷ್ಟಿದೆ ಅಂತ ತಿಳಿಯುತ್ತದೆ. ನೇರ ಬಿಸಿಲಿನ ಅಳತೆ ಒಟ್ಟು ಮೊತ್ತವನ್ನಷ್ಟೇ ಕೊಡುತ್ತದೆ.

ನಿಮ್ಮ ಹತ್ತಿರ ಯಾವುದಾದರೂ ಕೇಂದ್ರದ ಡೇಟಾ ಇದ್ದರೆ, ಪ್ರತಿ ಅಂಕಿ ನೇರ ಬಿಸಿಲಿನದೋ, ನೀಲಿ ಆಕಾಶದ್ದೋ, ಮೋಡದ್ದೋ ಅಂತ ಮೊದಲು ನೋಡಿ. ಓಝೋನ್‌ನ ಒಟ್ಟು ಪ್ರಮಾಣ ಹೇಳುವ ಮಾನದಲ್ಲಿ, ಅಂದರೆ 10 ಡಾಬ್ಸನ್ ಯೂನಿಟ್‌ನಷ್ಟು ಏರಿಳಿತ ಹುಡುಕುತ್ತಿದ್ದರೆ ಮೂರನ್ನೂ ಒಂದೇ ಗ್ರಾಫಿನಲ್ಲಿ ಬೆರೆಸಬೇಡಿ.