ಎಲೆ ಬಣ್ಣ ತಿರುಗುವುದನ್ನು ಎಲ್ಲಿ ನೋಡಬಹುದು?

ಪ್ರಶ್ನೆ: ಅಕ್ಟೋಬರ್ ಮೂರನೆಯ ವಾರ ಅಟ್ಲಾಂಟಾದ ಮಗಳ ಮನೆಯಲ್ಲಿರುತ್ತೇವೆ. ಬಣ್ಣದ ಎಲೆಗಳನ್ನು ನೋಡಲು ಯಾವ ಬೆಟ್ಟಕ್ಕೆ ಹೋಗಬೇಕು? ಆ ಬಣ್ಣ ಬರುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಟೆನೆಸಿ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬನ್ನಿ. ಅಲ್ಲಿ ಬಣ್ಣ ಶಿಖರದಿಂದ ಕಣಿವೆಯತ್ತ ಇಳಿಯುತ್ತದೆ. 2,025 ಮೀಟರ್ ಎತ್ತರದ ಕುವೋಹಿ ಶಿಖರದ ಸುತ್ತ ಬರ್ಚ್ ಮರಗಳು ಅಕ್ಟೋಬರ್ ಆರಂಭದಲ್ಲೇ ಹಳದಿಯಾಗುವುದರಿಂದ, ನೀವು ಹೋಗುವ ಹೊತ್ತಿಗೆ ನ್ಯೂಫೌಂಡ್ ಗ್ಯಾಪ್ ರಸ್ತೆಯ ಕೆಳಗಿನ ಇಳಿಜಾರುಗಳೇ ಹೆಚ್ಚು ಸೊಗಸಾಗಿರುತ್ತವೆ. ವಾರಾಂತ್ಯದ ವಾಹನದಟ್ಟಣೆ ತಾಳ್ಮೆಗೆಡಿಸುವಂಥದ್ದು. ವಾರದ ನಡುವೆ, ಬೆಳಿಗ್ಗೆ ಬೇಗ ಹೊರಡಿ. ಪ್ರವೇಶ ಶುಲ್ಕವಿಲ್ಲವಾದರೂ 15 ನಿಮಿಷಕ್ಕಿಂತ ಹೆಚ್ಚು ವಾಹನ ನಿಲ್ಲಿಸಲು ಪಾರ್ಕಿಂಗ್ ಟ್ಯಾಗ್ ಬೇಕು.

ಹಗಲು ಕುಗ್ಗಿ ಚಳಿ ಮೂಡಿದಾಗ ಎಲೆಯ ಹಸಿರು ದ್ರವ್ಯವಾದ ಕ್ಲೋರೋಫಿಲ್ ಕರಗಿ, ಅದರ ಮರೆಯಲ್ಲಿ ಮೊದಲಿನಿಂದಲೂ ಇದ್ದ ಹಳದಿ ಹೊರಬೀಳುತ್ತದೆ. ಕೆಂಪಿನ ಕಥೆ ಬೇರೆ: ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆಂಥೋಸಯನಿನ್ ಎಂಬ ವರ್ಣದ್ರವ್ಯ ಆಗಷ್ಟೇ ಹೊಸದಾಗಿ ತಯಾರಾಗುತ್ತದೆ, ಬಿಸಿಲ ಹಗಲು, ತಂಪಿನ ರಾತ್ರಿ ಕೂಡಿಬಂದರೆ ಅದು ಇನ್ನಷ್ಟು ಗಾಢ. ಅರೆಬಣ್ಣದ ಮೇಪಲ್ ಎಲೆಯೊಂದನ್ನು ಅಂಗೈಯಲ್ಲಿಟ್ಟು ನೋಡಿ, ಅಂಚು ಕೆಂಪೇರಿದ್ದರೂ ನರಗಳ ಪಕ್ಕ ಹಸಿರು ಉಳಿದಿರಬಹುದು. ನಮ್ಮ ಮಾವಿನ ಚಿಗುರಿಗೆ ಕೆಂಪು ಕೊಡುವುದೂ ಇದೇ ಬಗೆಯ ದ್ರವ್ಯ.